ಮಲೆನಾಡಿನ ಮನೆಗೆ ಒಣಹೂವಿನ ಅಲಂಕಾರ: ಒಣಗಿಸುವುದು ಸರಿ, ಮಳೆಗಾಲ ದಾಟಿಸುವುದು ಹೇಗೆ?

ಜಗಲಿಕಟ್ಟೆ:
ತೀರ್ಥಹಳ್ಳಿ ಕಡೆಯ ಹಂಚಿನ ಮನೆ, ಅರ್ಧ ಮಣ್ಣಿನ ಗೋಡೆ. ಜಗಲಿಯ ಎರಡು ಗೂಡು, ನಡುಮನೆಯ ಮೇಜು, ಬಾಗಿಲ ಮೇಲೆ ಒಂದು ತೋರಣ. ಇಷ್ಟಕ್ಕೆ ಒಣಹೂವಿನ ಅಲಂಕಾರ ಆಗಬೇಕು, ಪ್ಲಾಸ್ಟಿಕ್ ಬೇಡ. ಅಂಗಡಿಯಲ್ಲಿ ಸಿಗುವ ಒಣಹೂವಿನ ಕಟ್ಟು ಆಷಾಢ ಬರುವಷ್ಟರಲ್ಲಿ ತಲೆ ಬಗ್ಗಿಸಿ ಬೂಷ್ಟು ಹಿಡಿಯುತ್ತದೆ. ಹಿತ್ತಲಲ್ಲಿ ಇರುವುದು ಕೋಳಿಜುಟ್ಟು, ಚೆಂಡುಹೂ, ಸೇವಂತಿಗೆ, ನೇರಳೆ ಬಣ್ಣದ ಗುಂಡು ಹೂವಿನ ಗೋಂಫ್ರಿನಾ, ನಾಲ್ಕು ಗುಲಾಬಿ ಗಿಡ. ಗದ್ದೆಯಲ್ಲಿ ಭತ್ತ ಹಣ್ಣಾಗುತ್ತಿದೆ. ಯಾವುದು ಒಣಗಿ ನಿಲ್ಲುತ್ತದೆ, ಯಾವುದಕ್ಕೆ ಕೈ ಹಾಕುವುದೇ ದಂಡ? ಯೂಟ್ಯೂಬಿನಲ್ಲಿ ನೋಡಿದರೆ ಎಲ್ಲರೂ ಹೇಳುವುದು ಒಂದೇ: ಎರಡು ವಾರ ತಲೆಕೆಳಗೆ ನೇತುಹಾಕಿ.

ತುಂಗಾತೀರ:
ಆ ಎರಡು ವಾರದ ಲೆಕ್ಕ ಒಣಹವೆಯ ಊರಿನದು. ಒಣಹೂವಿನ ದೊಡ್ಡ ವ್ಯಾಪಾರ ನಡೆಯುವುದು ತಮಿಳುನಾಡಿನ ತೂತ್ತುಕುಡಿಯಲ್ಲಿ, ಅಲ್ಲಿ ವರ್ಷದ ಹೆಚ್ಚು ಪಾಲು ಉರಿಬಿಸಿಲು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ. ತೂತ್ತುಕುಡಿಯ ಪಾಠ ಇಲ್ಲಿಗೆ ಹಾಗೇ ಇಳಿಯುವುದಿಲ್ಲ.

ಒಣಗಿದ ದಳ ಗಾಳಿಯಲ್ಲಿರುವ ತೇವವನ್ನು ಹಪ್ಪಳದ ಹಾಗೆ ಎಳೆದುಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ. 65ರಿಂದ 70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟು ಬರುವುದೇ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ಹೂ ಎಷ್ಟು ಚೆನ್ನಾಗಿ ಒಣಗಿಸಿದ್ದೀರಿ ಅನ್ನುವುದರ ಮೇಲೆ ಮಳೆಗಾಲದ ಗತಿ ನಿಂತಿಲ್ಲ. ಕೊಯ್ದು ಒಣಗಿಸುವುದು ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ, ಮನೆಯಲ್ಲಿ ಇಟ್ಟು ನೋಡುವುದು ಮೇ ಮಧ್ಯದವರೆಗೆ, ರೋಹಿಣಿ ಮಳೆ ಹಿಡಿಯುವ ಮೊದಲು ಬಿಚ್ಚಿ ಡಬ್ಬಿಗೆ ತುಂಬುವುದು. ದೀಪಾವಳಿ ಹೊತ್ತಿಗೆ ಮತ್ತೆ ಹೊರಗೆ. ವರ್ಷವಿಡೀ ಒಂದೇ ಅಲಂಕಾರ ಗೂಡಲ್ಲಿ ಇರಬೇಕು ಅನ್ನುವ ಹಟ ಬಿಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ನಿಮ್ಮ ಪಟ್ಟಿಯಲ್ಲಿ ಗೋಂಫ್ರಿನಾ ಮೊದಲ ದರ್ಜೆ, ಅದಕ್ಕೆ ಸಾಟಿ ಇಲ್ಲ. ಕೋಳಿಜುಟ್ಟು ಎರಡನೆಯದು. ಭತ್ತದ ತೆನೆ ಬಗ್ಗೆ ಸಾಗರದ ಕಡೆಯವರು ಹೇಳಲಿ. ಚೆಂಡುಹೂ ಆಗುತ್ತದೆ, ಆದರೆ ತೊಟ್ಟಿನ ಬುಡದ ಹಸಿರು ಬಟ್ಟಲಲ್ಲಿ ನೀರು ಉಳಿದುಕೊಂಡು ಒಳಗಿಂದ ಕೊಳೆಯುತ್ತದೆ. ಸೇವಂತಿಗೆ ಬರೀ ನೇತುಹಾಕಿದರೆ ದಳ ಉದುರುತ್ತದೆ. ಗುಲಾಬಿಗೆ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಕಾಳು ಬೇಕು. ದಾಸವಾಳ, ನಂದಿಬಟ್ಟಲಿಗೆ ಕೈ ಹಾಕಬೇಡಿ, ಕಂದು ಮುದ್ದೆ ಆಗುತ್ತವೆ.

ಜಗಲಿಕಟ್ಟೆ:
ಥ್ಯಾಂಕ್ಸ್. ಹಾಗಾದರೆ ಕೋಳಿಜುಟ್ಟು, ಗೋಂಫ್ರಿನಾ ನೇತುಹಾಕುವ ಕ್ರಮ ಬಿಡಿಸಿ ಹೇಳಿ. ಒಣಗಿದ್ದು ಸಾಕಾಯಿತು ಅಂತ ಗೊತ್ತಾಗುವುದು ಹೇಗೆ?

ತುಂಗಾತೀರ:
ಇಬ್ಬನಿ ಪೂರ್ತಿ ಆರಿದ ಮೇಲೆ, ಹತ್ತೂವರೆ ಹನ್ನೊಂದರ ನಂತರ ಕೊಯ್ಯಿರಿ. ಬೆಳಿಗ್ಗೆ ಏಳಕ್ಕೆ ಕೊಯ್ದ ಹೂವಿನ ದಳದ ಸಂದಿಯಲ್ಲಿ ಇರುವ ನೀರೇ ಕಪ್ಪು ಕಲೆ ಆಗುವುದು. ಗೋಂಫ್ರಿನಾ ಪೂರ್ತಿ ಗುಂಡಗಾಗಿ, ಬುಡದಿಂದ ಉದುರಲು ಶುರುವಾಗುವ ಮೊದಲು. ಕೋಳಿಜುಟ್ಟು ತುಂಬ ಬಲಿಯಲು ಬಿಡಬೇಡಿ, ಬಲಿತರೆ ಕೆಳಭಾಗದಲ್ಲಿ ಕರಿ ಬೀಜ ಕಟ್ಟಿ, ಒಣಗಿದ ಮೇಲೆ ಮೇಜಿನ ಮೇಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಉದುರುತ್ತದೆ.

ಎಲೆ ಎಲ್ಲ ಸವರಿ ತೆಗೆಯಿರಿ. ಗೋಂಫ್ರಿನಾ 8ರಿಂದ 10 ಕಡ್ಡಿ ಒಂದು ಕಟ್ಟು, ಹೂಗಳು ಒಂದಕ್ಕೊಂದು ತಾಗದ ಹಾಗೆ ಮೇಲೆ ಕೆಳಗೆ ಮಾಡಿ. ಕಟ್ಟಲು ದಾರ ಬೇಡ, ರಬ್ಬರ್ ಬ್ಯಾಂಡ್. ಕಡ್ಡಿ ಒಣಗಿ ಸಣ್ಣಗಾದಾಗ ದಾರ ಸಡಿಲಾಗಿ ಒಂದೊಂದೇ ಜಾರಿ ಬೀಳುತ್ತವೆ. ಕೋಳಿಜುಟ್ಟು ಒಂದೊಂದನ್ನೇ ಬೇರೆ ಬೇರೆ ನೇತುಹಾಕಬೇಕು, ಜುಟ್ಟಿನ ಮಡಿಕೆಯೊಳಗೆ ಗಾಳಿ ಆಡಬೇಕು.

ಜಾಗ ಕತ್ತಲೆ ಇರಲಿ, ಗಾಳಿ ಇರಲಿ. ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ. ಡಿಸೆಂಬರ್ ಹವೆಯಲ್ಲಿ ಗೋಂಫ್ರಿನಾಕ್ಕೆ 10ರಿಂದ 15 ದಿನ, ಕೋಳಿಜುಟ್ಟಿಗೆ 3ರಿಂದ 4 ವಾರ. ದಿನ ಎಣಿಸುವುದಕ್ಕಿಂತ ತೂಕ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದು ಕಟ್ಟನ್ನು ಎರಡು ದಿನಕ್ಕೊಮ್ಮೆ ತೂಗಿ ಬರೆದಿಡಿ. 100 ಗ್ರಾಂ ಹಸಿ ಹೂ 15ರಿಂದ 20 ಗ್ರಾಂಗೆ ಇಳಿಯುತ್ತದೆ. ಎರಡು ಸಲ ತೂಗಿದಾಗಲೂ ಒಂದೇ ಅಂಕಿ ಬಂದರೆ ಆಯಿತು. ಜುಟ್ಟಿನ ದಪ್ಪ ಬುಡವನ್ನು ಉಗುರಲ್ಲಿ ಒತ್ತಿ ನೋಡಿ, ಮೆತ್ತಗಿದ್ದರೆ ಇನ್ನೊಂದು ವಾರ.

ಸೋಗೆಮನೆ:
ಒಲೆ ಮೇಲಿನ ಅಟ್ಟದಲ್ಲಿ ಹಾಕಿದರೆ ಬೇಗ ಆಗ್ತದಲ್ಲ ಮಾರಾಯ್ರೇ? ಅಪ್ಪೆಮಿಡಿ ಭರಣಿ, ಬೀಜದ ತೆನೆ ಎಲ್ಲ ಅಲ್ಲೇ ಇಡುವುದು.

ತುಂಗಾತೀರ:
ಬೇಗ ಆಗುತ್ತದೆ, ಹುಳವೂ ಮುಟ್ಟುವುದಿಲ್ಲ. ಆದರೆ ಹೊಗೆಯ ಜಿಡ್ಡು ದಳದ ಮೇಲೆ ಕೂತು ನೇರಳೆ ಬಣ್ಣ ಕಂದಾಗುತ್ತದೆ, ವಾಸನೆ ವರ್ಷವಾದರೂ ಹೋಗುವುದಿಲ್ಲ. ತೆನೆ, ಹುಲ್ಲು, ಕಾಯಿಗಳಿಗೆ ಅಟ್ಟ ಸರಿ. ಬಣ್ಣದ ಹೂವಿಗೆ ಬೇಡ. ಬಚ್ಚಲೊಲೆ ಪಕ್ಕ ಬೆಚ್ಚಗಿದೆ ಅಂತ ಅಲ್ಲಿ ಹಾಕುವವರೂ ಇದ್ದಾರೆ. ಅದು ಶುದ್ಧ ದಡ್ಡತನ, ಹಂಡೆಯ ಹಬೆ ಪೂರಾ ಹೂವಿಗೇ.

ಹಾಳೆಟೋಪಿ:
ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಡ್ರೈಯರ್ ಇದ್ದರೆ ಅದರಲ್ಲೂ ಹಾಕಬಹುದು. ಎರಡು ಷರತ್ತು. ಬೇಯಿಸಿದ ಅಡಿಕೆ ಹೊಸದಾಗಿ ಹರವಿದ ಮೊದಲ ಎರಡು ಮೂರು ದಿನ ಒಳಗೆಲ್ಲ ಹಬೆ, ಆಗ ಹೂ ಇಡಬೇಡಿ. ಆಮೇಲೂ ಹೂವಿನ ಮೇಲೆ ಕಪ್ಪು ಬಟ್ಟೆ ಹೊದಿಸಿ, ಇಲ್ಲದಿದ್ದರೆ ಮೇಲಿನ ಹಾಳೆಯಿಂದ ಬರುವ ಬಿಸಿಲು ಬಣ್ಣ ತಿನ್ನುತ್ತದೆ. ಸಂಜೆ ನಾಲ್ಕೂವರೆಗೆ ಒಳಗೆ ತನ್ನಿ. ರಾತ್ರಿ ಡ್ರೈಯರಿನ ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ.

ಇನ್ನು ಗುಲಾಬಿ, ಸೇವಂತಿಗೆಗೆ ಸಿಲಿಕಾ ಜೆಲ್. ಗೋಲಿಯಂಥ ದಪ್ಪ ಕಾಳು ತರಬೇಡಿ, ಅದು ದಳವನ್ನು ಒತ್ತಿ ಗುಳಿ ಮಾಡುತ್ತದೆ. ಸಕ್ಕರೆಯಷ್ಟು ಸಣ್ಣ ಕಾಳಿನದು ಬೇಕು. ಬಣ್ಣ ಬದಲಾಗುವ ಕಾಳು ಸ್ವಲ್ಪ ಬೆರೆತಿದ್ದರೆ ಅನುಕೂಲ: ಕಿತ್ತಳೆ ಹಸಿರಾದರೆ ತೇವ ತುಂಬಿದೆ ಅಂತ ಅರ್ಥ. ನೀಲಿಯಿಂದ ಗುಲಾಬಿಗೆ ತಿರುಗುವ ಜಾತಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ಮಕ್ಕಳಿರುವ ಮನೆಗೆ ಕಿತ್ತಳೆಯದೇ ತನ್ನಿ.

ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ, ಸುಮಾರು ಒಂದೂವರೆ ಕೆ.ಜಿ. ಜೆಲ್. ಇದರಲ್ಲಿ ಒಂದು ಸಲಕ್ಕೆ 6 ಗುಲಾಬಿ ಆರಾಮ. ಮುಕ್ಕಾಲು ಅರಳಿದ ಹೂ ತೆಗೆದುಕೊಳ್ಳಿ, ಪೂರ್ತಿ ಅರಳಿದ್ದು ಒಣಗಿದ ಮೇಲೆ ನಿಲ್ಲುವುದಿಲ್ಲ. ಕಡ್ಡಿ 2ರಿಂದ 3 ಸೆಂ.ಮೀ. ಬಿಟ್ಟು ಕತ್ತರಿಸಿ. ತಳದಲ್ಲಿ 2 ಸೆಂ.ಮೀ. ಜೆಲ್ ಹರವಿ, ಹೂವನ್ನು ಮುಖ ಮೇಲೆ ಮಾಡಿ ಕೂರಿಸಿ. ಚಮಚದಲ್ಲಿ ಮೊದಲು ಹೂವಿನ ಸುತ್ತ ಸುರಿಯಿರಿ, ಹೊರದಳಕ್ಕೆ ಆಧಾರ ಸಿಕ್ಕ ಮೇಲೆ ದಳಗಳ ನಡುವೆ, ಕೊನೆಗೆ ಮೇಲೆ. ನೇರ ಮೇಲಿಂದ ಸುರಿದರೆ ಹೂ ಅಪ್ಪಚ್ಚಿ. ಮುಚ್ಚಳಕ್ಕೆ ಸುತ್ತ ಟೇಪ್.

ಗುಲಾಬಿ 4ರಿಂದ 6 ದಿನ, ಸಣ್ಣ ಸೇವಂತಿಗೆ 3ರಿಂದ 4. ನಾಲ್ಕನೆಯ ದಿನ ಒಂದು ಮೂಲೆಯ ಹೂವಿನ ಹೊರದಳ ಮುಟ್ಟಿ, ಕಾಗದದ ಹಾಗೆ ಸದ್ದು ಮಾಡಬೇಕು. ಅಲ್ಲಿಂದ ಹೆಚ್ಚು ದಿನ ಬಿಟ್ಟರೆ ಗಾಜಿನ ಹಾಗಾಗಿ ತೆಗೆಯುವಾಗಲೇ ಪುಡಿ. ದಳ ಒಣಗಿಯೂ ತೊಟ್ಟಿನ ಬುಡ ಹಸಿ ಉಳಿಯುವುದು ಸಾಮಾನ್ಯ. ಅದಕ್ಕೆ ಹೂವನ್ನು ಹೊರತೆಗೆದು, ಜೆಲ್ ಮೇಲೆ ಬರೀ ಕೂರಿಸಿ, ಮುಚ್ಚಳ ಹಾಕಿ ಇನ್ನೊಂದು ದಿನ ಇಡಿ. ಉದುರಿದ ದಳವನ್ನು ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಫೆವಿಕಾಲ್ ಹಾಕಿ ಅಂಟಿಸಬಹುದು.

ಬಣ್ಣದ ವಿಷಯ ಮೊದಲೇ ತಿಳಿದಿರಲಿ. ಕಡುಗೆಂಪು ಗುಲಾಬಿ ಒಣಗಿದರೆ ಹೆಚ್ಚುಕಡಿಮೆ ಕಪ್ಪು. ತಿಳಿಗುಲಾಬಿ, ಕಿತ್ತಳೆ, ಹಳದಿ ಚೆನ್ನ. ಬಿಳಿ ಹೂ ಕೆನೆಬಣ್ಣಕ್ಕೆ ತಿರುಗುತ್ತದೆ.

ರೆಂಜೆಮರ:
ಜೆಲ್ ಒಂದು ಸಲಕ್ಕೇ ಮುಗಿಯುತ್ತದಾ? ಬೆಲೆ ಕಡಿಮೆ ಇಲ್ಲ.

ಹಾಳೆಟೋಪಿ:
ಇಲ್ಲಕ್ಕ, ಎಷ್ಟೋ ಸಲ ಬಳಸಬಹುದು. ಓವನ್ ಇದ್ದರೆ 120 ಡಿಗ್ರಿಯಲ್ಲಿ ಒಂದೂವರೆ ಎರಡು ಗಂಟೆ, ತಟ್ಟೆಯಲ್ಲಿ ತೆಳ್ಳಗೆ ಹರವಿ. ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ, ಕೈ ಬಿಡದೆ ಮಗುಚಿ. ಉರಿ ಜಾಸ್ತಿಯಾದರೆ ಬಣ್ಣದ ಕಾಳು ಸುಟ್ಟು ಕಂದಾಗುತ್ತದೆ, ಮತ್ತೆ ತೇವ ತೋರಿಸುವುದಿಲ್ಲ. ಅದರ ಧೂಳು ಉಸಿರಿಗೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಬಿಸಿ ಇರುವಾಗಲೇ ಗಾಜಿನ ಭರಣಿಗೆ ಹಾಕಿ ಮುಚ್ಚಿ. ತಣಿಯಲಿ ಅಂತ ತೆರೆದಿಟ್ಟರೆ ಹುರಿದದ್ದೆಲ್ಲ ವ್ಯರ್ಥ.

ಬಯಲುಸೀಮೆ:
ಅಷ್ಟು ಖರ್ಚು ಬೇಡ ಅನ್ನುವವರಿಗೆ ಹೊಳೆಮರಳು ಇದೆ. ಜರಡಿ ಹಿಡಿದ ನಯ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು, ಬಾಣಲೆಯಲ್ಲಿ ಹುರಿದು, ತಣಿಸಿ ಬಳಸಿ. ಕ್ರಮ ಜೆಲ್‌ನದ್ದೇ. ಆದರೆ ಮರಳು ತೇವ ಹೀರುವುದಿಲ್ಲ, ಹೂವಿನ ಆಕಾರ ಹಿಡಿದಿಡುತ್ತದೆ ಅಷ್ಟೇ. ಅದಕ್ಕೇ ಮುಚ್ಚಳ ಹಾಕಬಾರದು. 2ರಿಂದ 3 ವಾರ ಬೇಕು. ಮರಳಿಗೆ ಕಾಲು ಭಾಗ ಬಿಳಿಗಾರ (ಬೋರಾಕ್ಸ್) ಬೆರೆಸಿದರೆ ಸ್ವಲ್ಪ ಬೇಗ, ಆದರೆ ಬಿಳಿಗಾರ ಹೆಚ್ಚು ದಿನ ತಾಗಿದರೆ ದಳದ ಮೇಲೆ ಬಿಳಿ ಚುಕ್ಕೆ ಬಿಡುತ್ತದೆ. ಭದ್ರಾವತಿಯಿಂದ ಪೂರ್ವಕ್ಕೆ ಇದು ನಡೆಯುತ್ತದೆ. ಘಟ್ಟದ ಅಂಚಿನಲ್ಲಿ ಜನವರಿ, ಫೆಬ್ರವರಿ ಬಿಟ್ಟು ಬೇರೆ ತಿಂಗಳಲ್ಲಿ ಮರಳನ್ನು ನಂಬಬೇಡಿ.

ಕಾನಂಚು:
ಚೆಂಡುಹೂವಿಗೆ ಒಂದು ಉಪಾಯ. ಹಸಿ ಇರುವಾಗಲೇ 22 ಗೇಜಿನ ತಂತಿಯನ್ನು ಬುಡದ ಹಸಿರು ಬಟ್ಟಲಿನ ಮೂಲಕ ಮೇಲಕ್ಕೆ ತೂರಿಸಿ, ತುದಿಯನ್ನು ಕೊಕ್ಕೆ ಮಾಡಿ, ಹೂವಿನೊಳಗೆ ಮರೆಯಾಗುವವರೆಗೆ ಕೆಳಕ್ಕೆ ಎಳೆಯಿರಿ. ಬಟ್ಟಲಿಗೆ ದಬ್ಬಣದಲ್ಲಿ ನಾಲ್ಕು ಕಡೆ ಚುಚ್ಚಿ ತೂತು ಮಾಡಿ, ಒಳಗಿನ ನೀರಿಗೆ ದಾರಿ ಆಗುತ್ತದೆ. ಆಮೇಲೆ ನೆರಳಲ್ಲಿ ನೇತುಹಾಕಿ. ಒಣಗುತ್ತ ಹೂ ಕುಗ್ಗಿ ತಂತಿಯನ್ನು ತಾನೇ ಬಿಗಿ ಹಿಡಿಯುತ್ತದೆ. ಒಣಗಿದ ಮೇಲೆ ತಂತಿ ತೂರಿಸಲು ಹೋದರೆ ಹೂ ಎರಡು ಹೋಳು. ಗೋಂಫ್ರಿನಾಕ್ಕೆ 24 ಗೇಜ್ ಸಾಕು. ತಂತಿ ಸತು ಲೇಪಿಸಿದ್ದೇ ಇರಲಿ.

ಶರಾವತಿ ಹಿನ್ನೀರು:
ತೆನೆ ಬಗ್ಗೆ ಕೇಳಿದ್ದಿರಿ. ಸಾಗರ, ಸೊರಬದ ದೀವರು ಸಮುದಾಯದ ಮನೆಗಳಲ್ಲಿ ಗೋಡೆಗೆ ಬರೆಯುವ ಹಸೆ ಚಿತ್ತಾರದ ಜೊತೆ ಭತ್ತದ ತೋರಣ ಕಟ್ಟುವ ಕಸುಬು ಇದೆ. ಒಣಹೂವಿನ ಅಲಂಕಾರ ಎಂದರೆ ಹೊರಗಿಂದ ಬಂದ ಹೊಸ ಶೋಕಿ ಅಂದುಕೊಳ್ಳುವವರು ಒಮ್ಮೆ ಆ ನೇಯ್ಗೆ ನೋಡಬೇಕು.

ತೆನೆ ಕೊಯ್ಯುವ ಹೊತ್ತು ಮುಖ್ಯ. ಪೂರ್ತಿ ಬಲಿತ ಭತ್ತ ಕಟ್ಟುವಾಗಲೇ ಉದುರುತ್ತದೆ. ಕೊಯ್ಲಿಗೆ ಒಂದು ವಾರ, ಹತ್ತು ದಿನ ಇರುವಾಗ, ಕಾಳು ಹೊಂಬಣ್ಣಕ್ಕೆ ತಿರುಗಿ ತೆನೆಯ ಕತ್ತು ಇನ್ನೂ ತುಸು ಹಸಿರಿರುವಾಗ ಕುಡುಗೋಲಿನಲ್ಲಿ ಉದ್ದ ದಂಟು ಬಿಟ್ಟು ಕೊಯ್ಯಿರಿ, 35ರಿಂದ 40 ಸೆಂ.ಮೀ. ಇರಲಿ. ಗರಿ ಬಿಡಿಸಿ, ಸಣ್ಣ ಸೂಡು ಮಾಡಿ, ತಲೆಕೆಳಗೆ ಒಂದು ವಾರ ನೆರಳಲ್ಲಿ.

ನೇಯುವ ಮೊದಲು ದಂಟನ್ನು ಮಾತ್ರ ನೀರಲ್ಲಿ 20ರಿಂದ 30 ನಿಮಿಷ ನೆನೆಸಿ, ಕಾಳು ನೆನೆಯಬಾರದು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಒಂದೊಂದೇ ಎಳೆದುಕೊಳ್ಳಿ. ಒಣ ದಂಟು ಮಡಚಿದಲ್ಲಿ ಸೀಳುತ್ತದೆ, ಜಾಸ್ತಿ ನೆನೆದದ್ದು ಕಪ್ಪಾಗುತ್ತದೆ. ಮೊದಲ ಸಲದವರು ಮೂರೆಳೆ ಜಡೆಯಿಂದಲೇ ಶುರು ಮಾಡಿ: ಮೂರು ದಂಟು, ಪ್ರತಿ ಎರಡು ಸುತ್ತಿಗೆ ಎಡಕ್ಕೊಂದು ಬಲಕ್ಕೊಂದು ಹೊಸ ತೆನೆ ಸೇರಿಸಿ, ಹಳೆಯ ದಂಟಿನ ತುದಿ ಹಿಂದಕ್ಕೆ ಬಿಡಿ. ಮೂರೂವರೆ ಅಡಿಯ ಬಾಗಿಲಿಗೆ 70ರಿಂದ 80 ತೆನೆ ಬೇಕಾಗುತ್ತದೆ. ನೇಯ್ದ ಮೇಲೆ ಎರಡು ದಿನ ಬಿಸಿಲು ಕೊಡಿ, ತೆನೆಯ ಬಣ್ಣ ಬಿಸಿಲಿಗೆ ಹೆದರುವುದಿಲ್ಲ.

ಬಾಗಿಲ ಹೊರಗೆ ಕಟ್ಟಿದರೆ ಗುಬ್ಬಿ, ಒಳಗೆ ಕಟ್ಟಿದರೆ ಇಲಿ. ಎರಡೂ ಬೇಡವಾದರೆ ಜಂತಿಯಿಂದ ತೆಳು ತಂತಿಯಲ್ಲಿ ತೂಗಬಿಡಿ.

ಜಗಲಿಕಟ್ಟೆ:
ಇದು ನಿಜವಾಗಲೂ ಬೇಕಿತ್ತು. ಗದ್ದೆಯಲ್ಲಿ ಕತ್ತು ಹಸಿರಿದೆ, ಈ ವಾರವೇ ಕೊಯ್ಯಬಹುದು. ಹಸಿರು ಎಲೆಗೆ ಏನು ಮಾಡುವುದು? ಗ್ಲಿಸರಿನ್ ಅಂತ ಓದಿದ್ದೆ.

ರೆಂಜೆಮರ:
ಗ್ಲಿಸರಿನ್ ಒಂದು ಪಾಲಿಗೆ ಬಿಸಿನೀರು ಎರಡು ಪಾಲು. ಕೊಂಬೆಯ ಬುಡವನ್ನು 4ರಿಂದ 5 ಸೆಂ.ಮೀ. ಜಜ್ಜಿ, 8ರಿಂದ 10 ಸೆಂ.ಮೀ. ಆಳಕ್ಕೆ ನಿಲ್ಲಿಸಿ, ಎರಡು ಮೂರು ವಾರ. ನೀಲಗಿರಿ, ಹಲಸು, ಸಿಲ್ವರ್ ಓಕ್ ಎಲ್ಲ ಬರುತ್ತದೆ. ಬಣ್ಣ ಕಂಚಿನ ಹಾಗಾಗುತ್ತದೆ, ಎಲೆ ಚರ್ಮದಷ್ಟು ಮೆತ್ತಗೆ ಉಳಿಯುತ್ತದೆ. ಒಣ ಎಲೆಯ ಹಾಗೆ ಪುಡಿಯಾಗುವುದಿಲ್ಲ.

ತುಂಗಾತೀರ:
ರೆಂಜೆಮರ ಅವರೇ, ಅಳತೆ ಸರಿ, ಆದರೆ ಊರು ಸರಿ ಇಲ್ಲ. ಗ್ಲಿಸರಿನ್ ಸ್ವಭಾವವೇ ತೇವ ಎಳೆಯುವುದು. ಎಲೆ ಮೆತ್ತಗಿರುವುದೂ ಅದಕ್ಕೇ. ಶೇ. 90 ಆರ್ದ್ರತೆಯಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚು ಎಳೆದು ಎಲೆಯ ಅಂಚಲ್ಲಿ ಬೆವರಿನ ಹಾಗೆ ಹನಿ ಕಟ್ಟುತ್ತದೆ, ಕೆಳಗಿನ ಬಟ್ಟೆಗೆ ಕಲೆ, ಪಕ್ಕದ ಹೂವಿಗೆ ಬೂಷ್ಟು. ಮೇ ತಿಂಗಳಿಗೆ ಬಿಸಾಡುವ ಲೆಕ್ಕ ಇದ್ದರೆ ಮಾಡಿ.

ರೆಂಜೆಮರ:
ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಯಲ್ಲಿ ಅಷ್ಟು ಬೆವರುವುದಿಲ್ಲ. ಎರಡು ವಾರಕ್ಕೆ ಬದಲು ಎಂಟು ಹತ್ತು ದಿನಕ್ಕೆ ತೆಗೆದರೆ, ಅಂದರೆ ಎಲೆಯ ನರದವರೆಗೆ ಬಣ್ಣ ತಿರುಗಿ ಅಂಚು ಇನ್ನೂ ಉಳಿದಿರುವಾಗ ತೆಗೆದು ತಲೆಕೆಳಗೆ ನೇತುಹಾಕಿದರೆ, ಉಳಿದದ್ದು ಅಂಚಿಗೆ ಇಳಿಯುತ್ತದೆ, ಹನಿಯೂ ಕಟ್ಟುವುದಿಲ್ಲ. ಹನಿ ಕಟ್ಟುವುದು ಅತಿಯಾಗಿ ಕುಡಿದ ಎಲೆ.

ತುಂಗಾತೀರ:
ಪೇಟೆಯ ಮನೆಗಾದರೆ ಒಪ್ಪಿದೆ. ತೀರ್ಥಹಳ್ಳಿಯ ಮಣ್ಣಿನ ಗೋಡೆಗೆ ಒಪ್ಪಲಾರೆ. ಸಿಲ್ವರ್ ಓಕ್‌ಗೆ ಗ್ಲಿಸರಿನ್ ಬೇಕಾಗಿಯೇ ಇಲ್ಲ. ಕಾಫಿ ತೋಟದಲ್ಲಿ ಉದುರಿದ ಹೊಸ ಎಲೆ ಆರಿಸಿ, ಹಳೇ ಪೇಪರ್ ಮಧ್ಯೆ ಹಗುರ ಭಾರ ಇಟ್ಟು ನಾಲ್ಕು ದಿನ ಒತ್ತಿದರೆ ಬೆಳ್ಳಿ ಬೆನ್ನು ಹಾಗೇ ಉಳಿಯುತ್ತದೆ. ಪೇಪರ್ ದಿನಾ ಬದಲಿಸಿ. ಒಂದೇ ಪೇಪರಿನಲ್ಲಿ ವಾರ ಬಿಟ್ಟರೆ ಎಲೆ ಬಿಟ್ಟ ನೀರನ್ನು ಎಲೆಯೇ ಮತ್ತೆ ಕುಡಿಯುತ್ತದೆ.

ಹಾಳೆಟೋಪಿ:
ಅಡಿಕೆ ತೋಟದವರು ಹೂವಿಗಿಂತ ಮೊದಲು ತೋಟ ನೋಡಿ. ಕೊನೆಕೊಯ್ಲಿನಲ್ಲಿ (ಅಡಿಕೆ ಗೊನೆ ಕೊಯ್ಯುವಾಗ) ಅಡಿಕೆ ಬಿಡಿಸಿದ ಮೇಲೆ ಉಳಿಯುವ ಬರಲಿನಂಥ ಕೊನೆ ಇದೆಯಲ್ಲ, ಅದನ್ನು ಗೊಬ್ಬರಗುಂಡಿಗೆ ಎಸೆಯುತ್ತೇವೆ. ತೊಳೆದು, ಒಂದು ದಿನ ಬಿಸಿಲಿಗೆ ಹಾಕಿ, ಕವಲು ಬಿಡಿಸಿ ಹರವಿದರೆ ಎರಡಡಿ ಎತ್ತರದ ಅಲಂಕಾರಕ್ಕೆ ಬೆನ್ನೆಲುಬು. ಅದಕ್ಕೆ ಬಂಗಾರದ ಸ್ಪ್ರೇ ಹೊಡೆಯುವವರನ್ನು ನೋಡಿದರೆ ಕೈ ಹಿಡಿದು ನಿಲ್ಲಿಸೋಣ ಅನಿಸುತ್ತದೆ. ಬಣ್ಣವೇ ಬೇಕಿದ್ದರೆ ಮನೆಯಲ್ಲೇ ಚೊಗರು ಇದೆ. ಅಡಿಕೆ ಬೇಯಿಸಿದ ಚೊಗರಲ್ಲಿ ಕೊನೆ, ಹುಲ್ಲು, ಅಡಿಕೆ ಹಾಳೆ (ಸೋಗೆಯ ಬುಡದ ಅಗಲ ಪೊರೆ) ಏನನ್ನಾದರೂ 10 ನಿಮಿಷ ಅದ್ದಿ ನೆರಳಲ್ಲಿ ಆರಿಸಿದರೆ ಕೆಂಗಂದು. ಇನ್ನೂ ಗಾಢ ಬೇಕಾದರೆ ಆರಿದ ಮೇಲೆ ಎರಡನೇ ಸಲ. ಪಾತ್ರೆ ಸ್ಟೀಲ್ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಅದ್ದಿದರೆ ಚೊಗರಿನ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಕಪ್ಪೇ ಬೇಕಿದ್ದರೆ ತುಕ್ಕು ಹಿಡಿದ ನಾಲ್ಕು ಮೊಳೆ ಹಾಕಿ ರಾತ್ರಿಯಿಡೀ ಬಿಡಿ. ಚೊಗರಲ್ಲಿ ಅದ್ದಿದ್ದಕ್ಕೆ ಬರೀ ಕಬ್ಬಿಣದ ತಂತಿ ಕಟ್ಟಿದರೂ ಕಟ್ಟಿದ ಜಾಗದಲ್ಲಿ ಕರಿಪಟ್ಟೆ ಬರುತ್ತದೆ.

ಹಾಳೆಯಲ್ಲಿ ಹೂದಾನಿ ಸುತ್ತುವುದು ಸುಲಭ. ಹೊಸದಾಗಿ ಬಿದ್ದ, ಮಳೆಯಲ್ಲಿ ನೆನೆಯದ ಹಾಳೆ, ಅರ್ಧ ಗಂಟೆ ನೀರಲ್ಲಿ, ಶಂಕುವಿನ ಹಾಗೆ ಸುತ್ತಿ ಬಟ್ಟೆಕ್ಲಿಪ್ ಹಾಕಿ ಎರಡು ದಿನ ಬಿಸಿಲು. ನಯವಾದ ಒಳಮೈ ಹೊರಗೆ ಬರಲಿ ಅಂತ ತಿರುಗಿಸಿ ಸುತ್ತಿದರೆ ಸೀಳುತ್ತದೆ, ಅದರ ಸಹಜ ಬಾಗಿನ ಕಡೆಗೇ ಸುತ್ತಿ.

ಹೊಸಬ:
ಕಾಡಲ್ಲಿ ಸೀತಾಳೆದಂಡೆ ಸಿಗುತ್ತದಲ್ಲ, ಅದನ್ನು ಒಣಗಿಸಬಹುದಾ?

ಕಾನಂಚು:
ಬೇಡ. ಒಣಗಿದರೆ ಬಣ್ಣವೂ ಇಲ್ಲ, ಆಕಾರವೂ ಇಲ್ಲ, ಕಂದು ದಾರ. ಅದು ಕಾಡಿನ ಆರ್ಕಿಡ್, ಮರದಿಂದ ಕಿತ್ತರೆ ಗಿಡವೇ ಹೋಗುತ್ತದೆ. ಮೀಸಲು ಅರಣ್ಯದಿಂದ ಏನು ತಂದರೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ, ಅಭಯಾರಣ್ಯವಾದರೆ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಸ್ವಂತ ಜಾಗದಲ್ಲೇ ಬೇಕಾದಷ್ಟಿದೆ: ಅಕೇಶಿಯಾದ ಸುರುಳಿ ಕಾಯಿ, ಸಾಗುವಾನಿಯ ಊದಿದ ಕಾಯಿಗೊಂಚಲು, ಗಾಳಿಮರದ ಕಾಯಿ, ಬೈನೆಯ ಒಣಗೊನೆ.

ಗುಲಗಂಜಿ ಬಳ್ಳಿ ಚಂದ ಅಂತ ತಂದು ಕಟ್ಟುವವರಿದ್ದಾರೆ. ಆ ಬೀಜ ಜಜ್ಜಿಯೋ ಜಗಿದೋ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಮಕ್ಕಳು ಕೆಂಪು ಕಾಳು ಬಾಯಿಗೆ ಹಾಕದೆ ಬಿಡುವುದಿಲ್ಲ. ಮನೆಯೊಳಗೆ ತರಲೇಬೇಡಿ.

ರೆಂಜೆಮರ:
ನನ್ನ ಹೆಸರಿನ ಋಣಕ್ಕೆ ಇದು. ಒಣಹೂವಿಗೆ ವಾಸನೆ ಇಲ್ಲ ಅನ್ನುತ್ತಾರೆ, ರೆಂಜೆ (ಬಕುಲ) ಮತ್ತು ಸುರಗಿ ಬಿಟ್ಟು. ಇವೆರಡೂ ಒಣಗಿದ ಮೇಲೂ ಘಮ ಬಿಡುವುದಿಲ್ಲ. ಸುರಗಿಯ ಮೊಗ್ಗನ್ನು ದಾರದಲ್ಲಿ ಪೋಣಿಸಿ ನೆರಳಲ್ಲಿ ಆರಿಸಿ. ರೆಂಜೆ ಬೆಳಿಗ್ಗೆ ಮರದಡಿ ಉದುರಿದ್ದನ್ನು ಆರಿಸಿ, ಪೇಪರ್ ಮೇಲೆ ಒಂದೇ ಪದರ. ಬಾಯಗಲದ ಬಟ್ಟಲಲ್ಲಿ ಕೆಳಗೆ ಲಾವಂಚದ ಬೇರು, ಮೇಲೆ ಇವು, ಅಂಚಿಗೆ ಗೋಂಫ್ರಿನಾ. ಸಂಪಿಗೆ ಸೇರಿಸಬೇಡಿ, ಕಪ್ಪಾಗಿ ಎಲ್ಲವನ್ನೂ ಕೆಡಿಸುತ್ತದೆ.

ಜಗಲಿಕಟ್ಟೆ:
ಇನ್ನು ಜೋಡಿಸುವುದು. ಒಣಹೂವಿಗೆ ಫೋಮ್ ಬೇಕೇ ಬೇಕಾ?

ತುಂಗಾತೀರ:
ಹಸಿರು ಫೋಮ್ ನೀರು ಕುಡಿಸುವ ಹಸಿ ಹೂವಿನದು, ಒಣ ಕಡ್ಡಿಗೆ ಅದು ಪುಡಿಪುಡಿ. ಒಣಹೂವಿಗೆ ಕಂದು ಬಣ್ಣದ ಬೇರೆ ಫೋಮ್ ಬರುತ್ತದೆ. ಅದೂ ಬೇಡ ಅನ್ನಿ, ತೆಂಗಿನ ನಾರನ್ನು ಬಿಗಿ ಉಂಡೆ ಮಾಡಿ, ಕೋಳಿಬಲೆಯ ತುಂಡಲ್ಲಿ ಸುತ್ತಿ ಚೆಂಬಿನ ಬಾಯಿಗೆ ತುರುಕಿದರೆ ಸಾಕು. ತಳಕ್ಕೆ ಹುರಿದ ಮರಳು ಅರ್ಧದಷ್ಟು, ಇಲ್ಲದಿದ್ದರೆ ಮೇಲೆ ಭಾರವಾಗಿ ಬೆಕ್ಕಿನ ಬಾಲ ತಾಗಿದರೂ ಉರುಳುತ್ತದೆ.

20 ಸೆಂ.ಮೀ. ಎತ್ತರದ ತಾಮ್ರದ ಚೆಂಬಿಗೆ ಒಂದು ಲೆಕ್ಕ: ಹೂವಿನ ಎತ್ತರ ಚೆಂಬಿನ ಒಂದೂವರೆ ಪಟ್ಟು, ಅಂದರೆ 30 ಸೆಂ.ಮೀ. ಮೊದಲು ಅಡಿಕೆ ಕೊನೆಯ ಕವಲು 3, ಸಿಲ್ವರ್ ಓಕ್ 5. ನಂತರ ತೆನೆ 15, ಹೊರಕ್ಕೆ ಬಾಗಲಿ. ಕೋಳಿಜುಟ್ಟು 5 ಅಥವಾ 7, ದೊಡ್ಡದು ಕೆಳಗೆ ಚೆಂಬಿನ ಬಾಯಿಯ ಹತ್ತಿರ. ಗೋಂಫ್ರಿನಾ 20ರಿಂದ 25, ಖಾಲಿ ಕಂಡಲ್ಲಿ. ಗುಲಾಬಿ ಕೊನೆಗೆ, ಅದು ಮೊದಲೇ ಹೋದರೆ ಬೇರೆ ಕಡ್ಡಿ ತಾಗಿ ಒಡೆಯುತ್ತದೆ.

ಜೋಡಿಸುವ ಕೆಲಸವನ್ನು ಮಂಜು ಕವಿದ ಬೆಳಿಗ್ಗೆ ಇಟ್ಟುಕೊಳ್ಳಿ. ಹೂ ಸ್ವಲ್ಪ ತೇವ ಎಳೆದು ಮೆತ್ತಗಾಗಿರುತ್ತದೆ, ಒಡೆಯುವುದು ಅರ್ಧಕ್ಕರ್ಧ ಕಡಿಮೆ. ಮಧ್ಯಾಹ್ನದ ಗಾಳಿಗೆ ಮತ್ತೆ ಬಿಗಿಯಾಗುತ್ತದೆ.

ಗೂಡಿನೊಳಗೆ ಇಡುವಾಗ ಹಿಂಗೋಡೆಗೆ 5 ಸೆಂ.ಮೀ. ಸಂದು ಬಿಡಿ, ಮಣ್ಣಿನ ಗೋಡೆ, ಜಂಬಿಟ್ಟಿಗೆ ಕಲ್ಲು ಎರಡೂ ತೇವ ಬಿಡುತ್ತವೆ. ಮಣ್ಣಿನ ಕುಡಿಕೆಯಾದರೆ ಅಡಿಗೆ ಒಂದು ಹಲಗೆ ತುಂಡು ಹಾಕಿ. ದೇವರ ದೀಪದಿಂದ ಕನಿಷ್ಠ ಮೂರಡಿ ದೂರ. ಒಣಹೂ ಹತ್ತಿಕೊಂಡರೆ ಕಾಗದಕ್ಕಿಂತ ಬೇಗ.

ಸೋಗೆಮನೆ:
ಹೇರ್ ಸ್ಪ್ರೇ ಹೊಡೆದರೆ ಮಳೆಗಾಲಕ್ಕೂ ತಡೀತದೆ ಅಂತಾರಲ್ಲ?

ಹಾಳೆಟೋಪಿ:
ನಮ್ಮ ತೇವಕ್ಕೆ ಹೇರ್ ಸ್ಪ್ರೇ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹೊಳಪಿಲ್ಲದ ಅಕ್ರಿಲಿಕ್ ಸ್ಪ್ರೇ ವಾಸಿ, ಒಂದಡಿ ದೂರದಿಂದ ಎರಡು ತೆಳು ಪದರ, ನಡುವೆ ಅರ್ಧ ಗಂಟೆ. ಗುಲಾಬಿಯ ದಳ ಉದುರದಂತೆ ಹಿಡಿಯುತ್ತದೆ, ತೇವವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಪೂರ್ತಿ ಒಣಗದ ಹೂವಿನ ಮೇಲೆ ಹೊಡೆದರೆ ಒಳಗಿನ ತೇವ ಅಲ್ಲೇ ಬಂದಿ. ಹೊಡೆಯುವುದು ಅಂಗಳದಲ್ಲಿ, ಒಲೆಯ ಹತ್ತಿರ ಅಲ್ಲ.

ಬಯಲುಸೀಮೆ:
ಹುಳದ ವಿಷಯ ಯಾರೂ ಎತ್ತಲಿಲ್ಲ. ಬೂಷ್ಟಿನಷ್ಟೇ ಹಾಳು ಮಾಡುವುದು ಎರಡು ಮೂರು ಮಿ.ಮೀ. ಉದ್ದದ ಕಂದು ಜೀರುಂಡೆ, ಮಸಾಲೆ ಸಾಮಾನು, ತಂಬಾಕಿಗೆ ಬೀಳುವುದೂ ಇದೇ. ಕೋಳಿಜುಟ್ಟು, ಚೆಂಡುಹೂವಿನ ಬುಡದಲ್ಲಿ ಮೊಟ್ಟೆ ಇಡುತ್ತದೆ. ಕೆಳಗೆ ನಯವಾದ ಪುಡಿ ಬಿದ್ದಿದ್ದರೆ ಒಳಗೆ ಮರಿ ಕೊರೆಯುತ್ತಿದೆ ಎಂದೇ ಲೆಕ್ಕ. ಒಣಗಿಸಿದ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಒಂದು ವಾರ ಇಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ಐದಾರು ಗಂಟೆ ಹಾಗೇ ಬಿಡಿ. ತಣ್ಣಗಿರುವಾಗ ಬಿಚ್ಚಿದರೆ ಹೂವಿನ ಮೇಲೆಯೇ ನೀರು ಕಟ್ಟಿ ಇಷ್ಟು ದಿನ ಒಣಗಿಸಿದ್ದು ನೀರಿನಲ್ಲಿ ಹೋಮ.

ಶರಾವತಿ ಹಿನ್ನೀರು:
ತೋರಣಕ್ಕೂ ಇದೇ ಮಾಡಿ, ಭತ್ತಕ್ಕೆ ಪತಂಗ ಬರುತ್ತದೆ. ಫ್ರೀಜರಿನಲ್ಲಿ ಉದ್ದ ಹಿಡಿಸುವುದಿಲ್ಲ ಅಂತಾದರೆ ನೇಯುವ ಮೊದಲೇ ತೆನೆಯ ಸೂಡುಗಳನ್ನು ಇಟ್ಟು ತೆಗೆಯಿರಿ.

ಜಗಲಿಕಟ್ಟೆ:
ಮೇ ತಿಂಗಳಲ್ಲಿ ಡಬ್ಬಿಗೆ ತುಂಬುವುದರ ವಿವರ ಕೊಟ್ಟರೆ ಬರೆದಿಟ್ಟುಕೊಳ್ಳುತ್ತೇನೆ. ಕಲ್ಲುಪ್ಪು, ಅಕ್ಕಿ, ಇದ್ದಿಲು ಇಟ್ಟರೆ ಸಾಕಾಗುವುದಿಲ್ಲವೇ?

ಹಾಳೆಟೋಪಿ:
ಉಪ್ಪು ಶೇ. 75 ದಾಟಿದರೆ ತಾನೇ ನೀರಾಗುತ್ತದೆ, ಅದರ ಕೆಳಗೆ ಏನೂ ಹೀರುವುದಿಲ್ಲ. ಬೂಷ್ಟಿಗೆ ಶೇ. 70 ಸಾಕಲ್ಲ, ಹಾಗಾಗಿ ಉಪ್ಪು ಉಪಯೋಗಕ್ಕಿಲ್ಲ. ಅಕ್ಕಿ, ಇದ್ದಿಲು ಬಲಹೀನ, ಅಕ್ಕಿಗೆ ಹುಳ ಬೇರೆ. ಸುಟ್ಟ ಕಲ್ಲುಸುಣ್ಣ ಚೆನ್ನಾಗಿ ಹೀರುತ್ತದೆ, ಆದರೆ ನೀರು ತಾಗಿದರೆ ಕೆಂಡದಷ್ಟು ಬಿಸಿಯಾಗಿ ಉಬ್ಬುತ್ತದೆ, ಒಣಹೂವಿನ ಪಕ್ಕ ಇಡುವ ವಸ್ತು ಅಲ್ಲ. ಸಿಲಿಕಾ ಜೆಲ್ಲೇ ಗತಿ.

20 ಲೀಟರಿನ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ ಡಬ್ಬಿಗೆ ಹೊಸದಾಗಿ ಹುರಿದ ಜೆಲ್ 250 ಗ್ರಾಂ, ತೆಳು ಹತ್ತಿ ಬಟ್ಟೆಯ ಎರಡು ಚೀಲದಲ್ಲಿ. ಮೋಡವಿಲ್ಲದ ಮಧ್ಯಾಹ್ನ ತುಂಬಿ, ಮುಂಗಾರುಪೂರ್ವ ಮಳೆ ಬಂದ ದಿನ ಬೇಡ. ಗುಲಾಬಿಗಳನ್ನು ಮೊಟ್ಟೆಯ ತಟ್ಟೆಯಲ್ಲಿ ಒಂದೊಂದು ಕುಳಿಗೆ ಒಂದೊಂದು ಕೂರಿಸಿ. ಆರ್ದ್ರತೆ ಅಳೆಯುವ ಅಗ್ಗದ ಹೈಗ್ರೋಮೀಟರ್ ಒಂದನ್ನು ಡಬ್ಬಿಯ ಗೋಡೆಗೆ ಮುಖ ಹೊರಗೆ ಕಾಣುವ ಹಾಗೆ ಇಟ್ಟರೆ ತೆರೆಯದೆಯೇ ನೋಡಬಹುದು. ಶೇ. 55ರೊಳಗೆ ಇರಲಿ. ಮೂರು ವಾರಕ್ಕೊಮ್ಮೆ ನೋಡಿ, ಏರಿದರೆ ಚೀಲ ಬದಲಿಸಿ. ಅದಕ್ಕೇ ಎರಡು ಜೊತೆ ಚೀಲ ಮಾಡಿಟ್ಟುಕೊಳ್ಳುವುದು.

ರೆಂಜೆಮರ:
ಮಳೆಗಾಲದಲ್ಲಿ ಮನೆ ಪೂರಾ ಬರಿದಾಗಬೇಕೆಂದಿಲ್ಲ. ಗಾಜಿನ ಗಂಟೆಯ (ಗಂಟೆಯಾಕಾರದ ಗಾಜಿನ ಮುಚ್ಚಳ) ಕೆಳಗೆ ಒಂದು ಅಲಂಕಾರ ಉಳಿಸಿಕೊಳ್ಳಬಹುದು. ಪೀಠದ ಹಲಗೆಯಲ್ಲಿ ಬಟ್ಟಲಿನಷ್ಟು ಕುಳಿ ಕೊರೆಸಿ, ಅದರಲ್ಲಿ 50 ಗ್ರಾಂ ಜೆಲ್, ಮೇಲೆ ತೂತಿನ ತಗಡು, ಅದರ ಮೇಲೆ ಹೂ. ಗಂಟೆಯ ಅಂಚು ಕೂರುವಲ್ಲಿ ಕಿಟಕಿಗೆ ಅಂಟಿಸುವ ರಬ್ಬರ್ ಪಟ್ಟಿ. ಗಾಜನ್ನು ಸುಮ್ಮನೆ ಮರದ ಮೇಲೆ ಮುಚ್ಚಿದರೆ ಹದಿನೈದು ದಿನದಲ್ಲಿ ಒಳಗೂ ಹೊರಗೂ ಒಂದೇ ಹವೆ.

ತುಂಗಾತೀರ:
ಇದು ಒಪ್ಪಿಗೆ. ಬಿಸಿಲು ನೇರ ಬೀಳುವ ಕಿಟಕಿಯ ಮುಂದೆ ಮಾತ್ರ ಇಡಬೇಡಿ, ಗಾಜಿನೊಳಗೆ ಬಿಸಿಯಾಗಿ ಸಂಜೆಗೆ ಹನಿ ಕಟ್ಟುತ್ತದೆ. ಗಾಜಿನ ಬಾಗಿಲಿನ ಬೀರು ಇದ್ದರೆ ಹಳೇ ಕಾಲದ 15 ವಾಟಿನ ತಂತಿ ಬಲ್ಬ್ ಕೆಳಗಿನ ಅಂಕಣದಲ್ಲಿ ಹಚ್ಚಿಟ್ಟರೂ ನಡೆಯುತ್ತದೆ, ಆ ಶಾಖಕ್ಕೆ ಆರ್ದ್ರತೆ ಇಳಿಯುತ್ತದೆ. ಎಲ್‌ಇಡಿ ಬಲ್ಬಿಗೆ ಅಷ್ಟು ಶಾಖ ಇಲ್ಲ. ಬಲ್ಬಿಗೂ ಹೂವಿಗೂ ಒಂದಡಿ ಅಂತರ ಕಡ್ಡಾಯ.

ಜಗಲಿಕಟ್ಟೆ:
ಬರೆದುಕೊಂಡೆ. ನಾಳೆ ಹನ್ನೊಂದಕ್ಕೆ ತೆನೆ ಕೊಯ್ಯುತ್ತೇವೆ. ಕೋಳಿಜುಟ್ಟಿನ ಎರಡು ಹೂವಲ್ಲಿ ಆಗಲೇ ಬೀಜ ಕರಿದಾಗಿದೆ, ಬಿಟ್ಟುಬಿಡಲೇ?

ತುಂಗಾತೀರ:
ಬಿಡಬೇಡಿ. ಅವೆರಡನ್ನು ಪೇಪರ್ ಚೀಲದೊಳಗೆ ತಲೆಕೆಳಗೆ ಕಟ್ಟಿ ಒಣಗಿಸಿ, ಬೀಜ ಚೀಲಕ್ಕೆ ಉದುರುತ್ತದೆ. ಹೂವನ್ನು ಚೀಲದೊಳಗೇ ನಾಲ್ಕು ಸಲ ತಟ್ಟಿ ಜೋಡಿಸಲು ತೆಗೆದುಕೊಳ್ಳಿ. ಬೀಜವನ್ನು ಬೂದಿ ಬೆರೆಸಿ ಕುಪ್ಪಿಯಲ್ಲಿಟ್ಟು ಮಳೆ ಜೋರು ಇಳಿದ ಮೇಲೆ, ಆಗಸ್ಟ್ ಹೊತ್ತಿಗೆ ಪಾತಿಗೆ ಹಾಕಿ. ಆಗ ಹಾಕಿದ್ದು ನವೆಂಬರ್ ಡಿಸೆಂಬರ್ ಒಣಹವೆಗೆ ಸರಿಯಾಗಿ ಕೊಯ್ಲಿಗೆ ಬರುತ್ತದೆ. ಜೂನ್‌ನಲ್ಲಿ ಹಾಕಿದ್ದು ಮಳೆಯಲ್ಲೇ ಹೂಬಿಟ್ಟು ಗಿಡದಲ್ಲೇ ಕೊಳೆಯುತ್ತದೆ.